ಕೆಂಚಿ ಮಲಗುತ್ತಿದ್ದ ಹುಲ್ಲು

ಹೋದ ವಾರ ನೀವಿಬ್ಬರೂ ಆ ನಾಯಿಮರಿಯನ್ನು ಮನೆಗೆ ತಂದಾಗ ಅದರ ಜೊತೆಗೆ ಒಂದು ಹಸಿರು ಚಾಪೆಯೂ ಬಂತು. ಬಾಲ್ಕನಿಯಲ್ಲಿದ್ದ ನನ್ನ ತುಳಸಿ ಕುಂಡವನ್ನು ಮೂಲೆಗೆ ಸರಿಸಿ ಅದನ್ನು ಹಾಸಿದಿರಿ. "ಆಜಿ, ಯೇ ಉಸ್ಕಾ ಬಾಥ್‌ರೂಮ್ ಹೈ. ಹುಲ್ಲು ಹೈ ನಾ, ಹುಲ್ಲು!" ಎಂದು ಸಿದ್ಧಿ ತನಗೆ ಗೊತ್ತಿದ್ದ ಒಂದು ಕನ್ನಡ ಪದವನ್ನು ಹುಡುಕಿ ಸೇರಿಸಿ ಹೇಳಿದಳು. ಬಗ್ಗಿ ಮುಟ್ಟಿ ನೋಡಿದೆ. ಪ್ಲಾಸ್ಟಿಕ್ಕಿನ ಹುಲ್ಲು.

ಮರಿ ಅದರ ಅಂಚಿಗೆ ಬಂದು ನಿಂತಿತು. ಒಂದು ಕಾಲಿಟ್ಟು, ಕಾದ ಹೆಂಚು ಮುಟ್ಟಿದ ಹಾಗೆ ಹಿಂದಕ್ಕೆ ತೆಗೆದುಕೊಂಡಿತು. ಸುತ್ತಲೂ ಮೂಸಿತು. ಆಮೇಲೆ ನೇರ ಒಳಗೆ ಬಂದು ನಾನು ಮಡಚಿಟ್ಟಿದ್ದ ಕೌದಿಯ ಮೇಲೆ ಕೂತು ಕೆಲಸ ಮುಗಿಸಿತು. "ಆಜಿಚೀ ಗೋಧಡೀ ಗೇಲೀ!" ಅಜ್ಜಿಯ ಕೌದಿ ಹೋಯಿತೆಂದು ಓಂಕಾರ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕ.

ರವಿವಾರ ಬೆಳಿಗ್ಗೆ ಹೇಗೋ ಅದು ಚಾಪೆಯ ಮೇಲೆಯೇ ಹೋಯಿತು. ನಾನು ಚಾಪೆಯನ್ನು ಬಚ್ಚಲಿಗೆ ಒಯ್ದು ಬಿಸಿನೀರು ಸುರಿದು ಬ್ರಶ್ಶಿನಿಂದ ತಿಕ್ಕತೊಡಗಿದೆ. ನೀರು ಬಿದ್ದೊಡನೆ ಒಂದು ವಾಸನೆ ಎದ್ದಿತು. ಬಿಸಿಯಾದ ಪ್ಲಾಸ್ಟಿಕ್ಕು ಮತ್ತು ಅದರ ಬುಡದಲ್ಲಿ ಸಿಕ್ಕಿಕೊಂಡ ಹೊಲಸು, ಎರಡೂ ಕೂಡಿದ ವಾಸನೆ. ನನ್ನ ಎರಡೂ ಕಿವಿ ಬಿಸಿಯಾದವು. ಬಾಗಿಲಲ್ಲಿ ನಿಂತಿದ್ದ ಸಿದ್ಧಿ, "ಆಜಿ, ಹಸ್ ಕ್ಯೋಂ ರಹೀ ಹೋ?" ಎಂದಳು.

ನಾನು ನಗುತ್ತಿರಲಿಲ್ಲ ಮಗಳೇ. ನಾಚಿಕೆಯಾದಾಗ ನನ್ನ ಮುಖ ಹಾಗಾಗುತ್ತದೆ. ಕೈ ತಾನಾಗಿ ಸೆರಗು ಹಿಡಿದು ಬಾಯಿಗೆ ಹೋಗುತ್ತದೆ. ನಿಮ್ಮೆದುರು ಕೂತು ಹೇಳಲು ನನ್ನಿಂದ ಆಗದು. ಅದಕ್ಕೆ ಬರೆದಿಡುತ್ತಿದ್ದೇನೆ. ನಿಮಗೆ ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. ನಿಮ್ಮಪ್ಪ ಓದಿ ಹೇಳಲಿ. ಅವನಿಗೂ ಇದು ಗೊತ್ತಿಲ್ಲ. ಆ ವರ್ಷ ಅವನು ಸೀರೆಯ ಜೋಲಿಯಲ್ಲಿ ಮಲಗುವ ಕೂಸು.

ಆಗ ನಾವು ಡೊಂಬಿವಲಿಯಲ್ಲಿ ಇರಲಿಲ್ಲ, ಬೇಲಾಪುರದಲ್ಲಿದ್ದೆವು. ಒಂದು ಕಡೆ ಗುಡ್ಡ, ಒಂದು ಕಡೆ ಖಾಡಿ ಎನ್ನುವ ಸಮುದ್ರದ ಹಿನ್ನೀರು, ನಡುವೆ ಎಲ್ಲಿ ನೋಡಿದರೂ ಕಟ್ಟುತ್ತಿದ್ದ ಬಿಲ್ಡಿಂಗುಗಳು. ಸಿಂದಗಿ ಕಡೆಯಿಂದ ನಮ್ಮ ಊರಿನ ಅರ್ಧ ಜನ ಅಲ್ಲಿ ಇಟ್ಟಿಗೆ ಹೊರುತ್ತಿದ್ದರು. ನಿಮ್ಮ ಮುತ್ಯಾ, ನನ್ನ ಯಜಮಾನರು, ಕೂಡ ಮೊದಲು ಅದನ್ನೇ ಮಾಡಿದರು. ಆಮೇಲೆ ಆಫೀಸರುಗಳೇ ಹೆಚ್ಚಾಗಿದ್ದ ಒಂದು ಹೊಸ ಸೊಸಾಯಿಟಿಯಲ್ಲಿ ಅವರಿಗೆ ಮಾಳಿ ಕೆಲಸ ಸಿಕ್ಕಿತು. ಗಿಡಕ್ಕೆ ನೀರು ಹಾಕುವುದು, ಬೇಲಿ ಕತ್ತರಿಸುವುದು. ನೀರಿನ ಪಂಪಿನ ಪಕ್ಕದಲ್ಲಿ ಒಂದು ಖೋಲಿ ಕೊಟ್ಟರು. ಮಳೆಗೆ ಸೋರದ ಗಚ್ಚಿನ ಮೇಲ್ಚಾವಣಿ, ಬಾಗಿಲಿಗೆ ಒಳಗಿನಿಂದ ಚಿಲಕ. ತಾಡಪತ್ರಿಯ ಗುಡಿಸಲಿನಲ್ಲಿ ಮಗುವನ್ನು ಹೆತ್ತಿದ್ದ ನನಗೆ ಆ ಚಿಲಕ ಹಾಕುವುದೇ ಒಂದು ಸುಖ. ಹಗಲಲ್ಲೂ ಸುಮ್ಮನೆ ಹಾಕಿ, ತೆಗೆದು ಮಾಡುತ್ತಿದ್ದೆ. ಆದರೆ ಕೆಲಸ ಕಾಯಂ ಆಗಿರಲಿಲ್ಲ. "ಬಾಗ್ ನೀಟ್ ಝಾಲೀ ಕೀ ಬಘೂ" ಎಂದಿದ್ದರು ಸೆಕ್ರೆಟರಿ ಸಾಹೇಬರು. ತೋಟ ನೆಟ್ಟಗಾಗಲಿ, ಆಮೇಲೆ ನೋಡೋಣ ಎಂದು. ಕೆಲಸ ಕಾಯಂ ಆದರೆ ಖೋಲಿಯೂ ಕಾಯಂ.

ತೋಟ ಅಂದರೆ ಮುಖ್ಯವಾಗಿ ಲಾನು. ಮಿರಗದ ಮಳೆ ಬೀಳುವ ಮುಂಚೆ ನಿಮ್ಮ ಮುತ್ಯಾ ಗೋಣಿಚೀಲಗಳಲ್ಲಿ ಹುಲ್ಲಿನ ಬೇರು ತಂದರು. ನಾವಿಬ್ಬರೂ ಕುಕ್ಕರಗಾಲಲ್ಲಿ ಕೂತು, ಸಸಿ ಹಚ್ಚಿದ ಹಾಗೆ ಅದನ್ನು ಒಂದೊಂದಾಗಿ ಹದ ಮಾಡಿದ ಮಣ್ಣಿಗೆ ಒತ್ತಿದೆವು. ನಮ್ಮ ಕಡೆಯ ಕರಕಿಯ ತಂಗಿಯಂತಹ ಹುಲ್ಲು ಅದು, ಎಲೆ ಮಾತ್ರ ಇನ್ನೂ ಸಣ್ಣ. ಮಳೆ ಹಿಡಿದ ಮೇಲೆ ಅದು ಒಂದಕ್ಕೊಂದು ಕೈ ಕೊಟ್ಟುಕೊಂಡು ಹಬ್ಬಿತು. ಮುತ್ಯಾ ನೋಡಿ ನೋಡಿ ನಗುತ್ತಿದ್ದರು.

"ನಮ್ಮಪ್ಪ ಜೀವ ಇರೂತನಾ ಹೊಲದಾಗ ಕರಕಿ ಕಿತ್ತು ಕಿತ್ತು ಸತ್ತ. ನಾ ನೋಡಿದ್ರ ಅದಽ ಕರಕಿಗಿ ಪೈಪ್ ಹಿಡದು ನಿಂತೀನಿ. ಊರಾಗ ಯಾರಿಗೂ ಹೇಳಬ್ಯಾಡ ಮತ್ತ, ಗೌರಿ."

ನಾನು ಹೇಳಲಿಲ್ಲ. ಪತ್ರ ಬರೆಯುವಾಗ 'ಇವರು ಆಫೀಸಿನ ತ್ವಾಟ ನೋಡಿಕೊಳ್ಳತಾರ' ಎಂದಷ್ಟೇ ಬರೆದೆ. ಏಳನೆಯ ಇಯತ್ತೆ ಕಲಿತಿದ್ದು ಅಷ್ಟಕ್ಕಾದರೂ ಬಂತು.

ಆ ಮಳೆಗಾಲದಲ್ಲೇ ಕೆಂಚಿ ಬಂದಳು. ಕೆಂಪು ಮೈ, ಹರಿದ ಒಂದು ಕಿವಿ, ಹೆಣ್ಣು ನಾಯಿ. ಬಿಲ್ಡಿಂಗ್ ಕಟ್ಟುವಾಗ ಮರಳಿನ ಗುಡ್ಡೆಯ ಮೇಲೆ ಮಲಗುತ್ತಿದ್ದವಳು, ಮರಳು ತೀರಿದ ಮೇಲೆ ಜಾಗ ಹುಡುಕಿಕೊಂಡು ಲಾನಿಗೆ ಬಂದಳು. ಮಲಗುವ ಮುಂಚೆ ಗಿರಗಿರನೆ ತನ್ನ ಸುತ್ತ ತಾನೇ ತಿರುಗಿ, ಹುಲ್ಲನ್ನು ಒರಗಿಸಿ, ಹಾಸಿಗೆ ಮಾಡಿಕೊಂಡು, ಮೂಗನ್ನು ಬಾಲದೊಳಗಿಟ್ಟು ಮಲಗುವಳು. ಎದ್ದ ಮೇಲೆ ಬೆನ್ನು ಕೆಳಗೆ ಮಾಡಿ ನಾಲ್ಕು ಕಾಲೂ ಮೇಲೆತ್ತಿ ಹೊರಳುವಳು. ಹೊಟ್ಟೆ ಕೆಟ್ಟ ದಿನ ಮೆತ್ತಗಿನ ಕುಡಿಗಳನ್ನೇ ಆರಿಸಿ ಆಡಿನ ಹಾಗೆ ಕಚ್ಚಿ ತಿಂದು, ಸ್ವಲ್ಪ ಹೊತ್ತಿಗೆ ಬೇಲಿಯ ಬುಡದಲ್ಲಿ ಕಾರಿಕೊಂಡು, ಏನೂ ಆಗದವಳಂತೆ ನನ್ನ ಬಾಗಿಲಿಗೆ ಬಂದು ಕೂರುವಳು. ನಾನು ರೊಟ್ಟಿಯ ತುಣುಕು ಹಾಕುತ್ತಿದ್ದೆ. ಮಾತಾಡಲು ನನಗೂ ಅಲ್ಲಿ ಯಾರೂ ಇರಲಿಲ್ಲ. ತಪ್ಪಿ ಮರಾಠಿ ಆಡಿ ನಗೆಪಾಟಲಾಗುವುದಕ್ಕಿಂತ ನಾಯಿಯೊಡನೆ ಕನ್ನಡ ಆಡುವುದು ಸುಲಭವಾಗಿತ್ತು.

ಮಳೆ ಕಡಿಮೆಯಾಗುತ್ತಿದ್ದಂತೆ ಲಾನಿನಲ್ಲಿ ಹಳದಿ ಗುಂಡುಗಳು ಎದ್ದವು. ತಟ್ಟೆಯಷ್ಟು ದೊಡ್ಡವು. ನಡುವೆ ಹುಲ್ಲು ಸುಟ್ಟ ಹಾಗೆ, ಸುತ್ತಲೂ ಬೇರೆ ಕಡೆಗಿಂತ ಕಡುಹಸಿರು. ಸೆಕ್ರೆಟರಿ ಸಾಹೇಬರು ಕೊಡೆಯ ತುದಿಯಿಂದ ತೋರಿಸಿದರು. "ಮಾಳೀ, ಹೇ ಕಾಯ? ಗವತ ಪಿವಳಂ ಕಾ ಝಾಲಂ?" ಹುಲ್ಲು ಯಾಕೆ ಹಳದಿಯಾಯಿತು ಎಂದು.

"ಮಣ್ಣು ಬರೋಬರ್ ಇಲ್ಲ ಸಾಹೇಬ," ಎಂದರು ಮುತ್ಯಾ.

ಮಣ್ಣಲ್ಲ ಎಂದು ಮರುದಿನವೇ ಗೊತ್ತಾಯಿತು. ಕೆಂಚಿ ಬೆಳಿಗ್ಗೆ ಎದ್ದು, ಮೈ ಮುರಿದು, ಎಲ್ಲಿ ಹುಲ್ಲು ದಟ್ಟವಾಗಿದೆಯೋ ಅಲ್ಲಿಗೇ ಹೋಗಿ ಉಚ್ಚೆಗೆ ಕೂತಳು. ಬರೀ ಮಣ್ಣಿನ ಜಾಗ ಬೇಕಾದಷ್ಟಿತ್ತು, ಅಲ್ಲಿ ಕೂರಲಿಲ್ಲ. ಮುತ್ಯಾ ನನ್ನ ಕಡೆ ತಿರುಗಿ, "ಚಲೋ ಸಾಕಿದಿ ನೋಡು. ನೀ ರೊಟ್ಟಿ ಹಾಕು, ಅಕಿ ನನ್ನ ನೌಕರಿ ಮ್ಯಾಲೆ ಕೂಡ್ಲಿ" ಎಂದರು. ಬೈದದ್ದಲ್ಲ. ಆದರೂ ನನಗೆ ತಟ್ಟಿತು.

ಅಂದಿನಿಂದ ಲಾನು ಕಾಯುವುದು ನನ್ನ ಕೆಲಸವಾಯಿತು. ನಸುಕಿನಲ್ಲಿ ಒಂದು ಕೋಲು ಹಿಡಿದು ಅಂಚಿನಲ್ಲಿ ಕೂರುತ್ತಿದ್ದೆ. ಊರಲ್ಲಿ ಜೋಳ ಹಾಲುಗಾಳಿಗೆ ಬಂದಾಗ ಅಟ್ಟದ ಮೇಲೆ ಕೂತು ಕವಣೆ ಬೀಸಿ ಹಕ್ಕಿ ಓಡಿಸಿದವಳು ನಾನು. ಅಲ್ಲಿ ಕಾಯುವಾಗ ಹೆಮ್ಮೆಯಿತ್ತು. ಇಲ್ಲಿ ದನಕ್ಕೂ ಹಾಕದ ಹುಲ್ಲನ್ನು ಕಾಯುತ್ತ ಕೂತವಳನ್ನು ನೋಡಿ ವಾಕಿಂಗ್ ಬಂದ ಹೆಂಗಸರು ನಿಂತು ಕೇಳುತ್ತಿದ್ದರು: "ಬಾಯಿ, ಯಹಾಂ ಕ್ಯೋಂ ಬೈಠೀ ಹೋ?" ನಾನು ಕೋಲನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದೆ.

ನನ್ನ ಕಷ್ಟ ನೋಡಿ ದಾರಿ ಹೇಳಿದವರು ತಳಮಹಡಿಯ ಸುನಂದಕ್ಕ. ಉಡುಪಿ ಕಡೆಯವರು, ಅವರ ಯಜಮಾನರದು ವಾಶಿಯಲ್ಲಿ ಹೋಟೆಲು. ಇಡೀ ಸೊಸಾಯಿಟಿಯಲ್ಲಿ ನನ್ನೊಡನೆ ಕನ್ನಡ ಆಡುತ್ತಿದ್ದವರು ಅವರೊಬ್ಬರೇ. ಅವರ ಕನ್ನಡ ನನಗೆ ಅರ್ಧ ಪುಸ್ತಕದಂತೆ, ಅರ್ಧ ಹಾಡಿದಂತೆ ಕೇಳುತ್ತಿತ್ತು.

"ಎಂತ ಮಾರಾಯ್ತಿ, ಹೊಡೆದು ಓಡಿಸಿದ್ರೆ ಅದು ಹೋಗ್ತದಾ? ಅದಕ್ಕೂ ಹುಲ್ಲು ಬೇಕಲ್ಲ. ನಿನ್ನ ಪಂಪ್ ರೂಮಿನ ಹಿಂದೆ ಕಾಡುಗರಿಕೆ ಅಷ್ಟು ಉಂಟು. ಅದನ್ನು ಅಲ್ಲಿಗೆ ಕರ್ಕೊಂಡು ಹೋಗು. ಅಭ್ಯಾಸ ಆಗ್ತದೆ."

ಹಾಗೆಯೇ ಮಾಡಿದೆ. ಯಾರೂ ಏಳುವ ಮುಂಚೆ ಸೆರಗಿನಲ್ಲಿ ರೊಟ್ಟಿಯ ತುಣುಕು ಇಟ್ಟುಕೊಂಡು ಅವಳನ್ನು ಖೋಲಿಯ ಹಿಂದಿನ ಕರಕಿಗೆ ಕರೆದೊಯ್ದು, ಬೇರೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ಕೆಂಚಿ ಜಾಣೆ. ದಸರೆಯ ಹೊತ್ತಿಗೆ ನಾನು ಹೋಗದಿದ್ದರೂ ತಾನೇ ಅಲ್ಲಿಗೆ ಹೋಗಿ ಬರತೊಡಗಿದಳು. ಮುತ್ಯಾ ಹಳದಿ ಗುಂಡುಗಳನ್ನು ಅಗೆದು ಹೊಸ ಬೇರು ಒತ್ತಿದರು. ಲಾನು ಒಂದೇ ಬಣ್ಣವಾಯಿತು. ಅಷ್ಟರಲ್ಲಿ ವಾಚ್‌ಮನ್ ನನಗೆ 'ಕುತ್ತೇವಾಲೀ ಭಾಭೀ' ಎಂದು ಹೆಸರಿಟ್ಟಿದ್ದ. ಗೇಟು ದಾಟುವಾಗಲೆಲ್ಲ ಆ ಹೆಸರು ಕೇಳಬೇಕಿತ್ತು. ನಾನು ತಲೆ ತಗ್ಗಿಸಿ ದಾಟುತ್ತಿದ್ದೆ.

ದೀಪಾವಳಿಗೆ ಮುಂಚೆ ತೋಟದ ಉದ್ಘಾಟನೆ ಇಟ್ಟರು. ದೊಡ್ಡ ಸಾಹೇಬರೊಬ್ಬರು ಬರುವವರಿದ್ದರು. ಅವರಿಗೆ ತೋಟ ಒಪ್ಪಿಗೆಯಾದರೆ ಅಲ್ಲಿಯೇ ಎಲ್ಲರೆದುರು ಮಾಳಿಗೆ ಶಾಲು ಹೊದಿಸಿ ಕಾಯಂ ಮಾಡಿದ್ದನ್ನು ಹೇಳುತ್ತೇವೆ ಎಂದು ಸೆಕ್ರೆಟರಿ ಸಾಹೇಬರು ಮುತ್ಯಾನಿಗೆ ತಿಳಿಸಿದರು. ಮುತ್ಯಾ ಬಿಳಿ ಅಂಗಿ ಒಗೆಸಿಟ್ಟರು. ನಾನು ಖೋಲಿಯ ಗೋಡೆಗೆ ಒಂದು ಮೊಳೆ ಹೊಡೆದೆ, ಶಾಲು ತೂಗುಹಾಕಲು.

ಹಿಂದಿನ ದಿನ ಮಧ್ಯಾಹ್ನ ಸೆಕ್ರೆಟರಿ ಸಾಹೇಬರ ಮನೆಯಿಂದ ಪ್ಲಾಸ್ಟಿಕ್ ಹುಲ್ಲಿನ ದೊಡ್ಡ ಸುರುಳಿಯೊಂದನ್ನು ಹೊತ್ತು ತಂದರು. ದುಬೈನಲ್ಲಿದ್ದ ಅವರ ಮೆಹುಣೆ, ಅಂದರೆ ಹೆಂಡತಿಯ ತಮ್ಮ, ಕಳಿಸಿದ್ದಂತೆ. ಬಿಚ್ಚಿ ಗೇಟಿನಿಂದ ವೇದಿಕೆಯ ತನಕ ಹಾಸಿದರು. ಅರ್ಧ ದಾರಿ ನಮ್ಮ ಲಾನಿನ ಮೇಲೆಯೇ ಹಾಸಿದ್ದರು, ಅತಿಥಿಗಳ ಬೂಟಿಗೆ ಮಣ್ಣು ತಾಗಬಾರದೆಂದು. ಅಂಥ ಹಸಿರು ನಾನು ಗಿಳಿಯ ಮೈಮೇಲೂ ನೋಡಿರಲಿಲ್ಲ. ಜನ ಬಂದು ಬಂದು ಬೆರಳಿನಿಂದ ಸವರಿ ನೋಡಿದರು. "ಫಾರಿನ್‌ಚಂ ಗವತ! ಪಾಣೀ ನಕೋ, ಮಾಳೀ ನಕೋ!" ಎಂದು ಯಾರೋ ಅಂದರು. ನೀರೂ ಬೇಡ, ಮಾಳಿಯೂ ಬೇಡ. ಎಲ್ಲರೂ ನಕ್ಕರು. ಮುತ್ಯಾ ಕೂಡ ನಕ್ಕರು. ಅವರ ಕಣ್ಣು ಮಾತ್ರ ಆ ಹಾಸಿನ ಕೆಳಗೆ ಸಿಕ್ಕಿದ್ದ ಹುಲ್ಲಿನ ಕಡೆಗಿತ್ತು.

ಕೆಂಚಿ ಆ ಹಾಸಿನ ಬಳಿಗೆ ಬಂದು ಮೂಸಿದಳು. ಮೂಗು ಸಿಂಡರಿಸಿ ಸೀನಿದಳು. ಆಚೆ ದಾಟಬೇಕಾದಾಗ ಕಾಲಿಡದೆ ಜಿಗಿದು ದಾಟಿದಳು. ಇಳಿಬಿಸಿಲಿನಲ್ಲಿ ಅದು ಕಾದಿತ್ತು. "ಅವಳಿಗೆ ಗೊತ್ತಾಯ್ತು ನೋಡು," ಎಂದರು ಸುನಂದಕ್ಕ, "ನಮ್ಮವರಿಗೆ ಇನ್ನೂ ಗೊತ್ತಾಗ್ಲಿಲ್ಲ."

ಈಗ ಆ ಬೆಳಗಿನ ಮಾತು.

ನಮ್ಮ ಕಡೆ ಹಬ್ಬ ಹುಣ್ಣಿವೆಗೆ, ಮನೆಗೆ ದೊಡ್ಡವರು ಬರುವಾಗ, ಅಂಗಳ ಒಣಗಿರಬಾರದು. ಸಗಣಿ ಕದಡಿದ ನೀರನ್ನು ಬಲ ಅಂಗೈ ತುಂಬಿ ತುಂಬಿ ತೆಗೆದು ಮಣಿಕಟ್ಟು ತಿರುಗಿಸಿ ಚಿಮ್ಮಬೇಕು. ಇದಕ್ಕೆ ಥಳಿ ಹೊಡೆಯುವುದು ಅನ್ನುತ್ತೇವೆ. ನನ್ನವ್ವ ನನಗೆ ರೊಟ್ಟಿ ಬಡಿಯಲು ಕಲಿಸುವ ಮುಂಚೆ ಕಲಿಸಿದ್ದು ಅದನ್ನು. ಒಂದೇ ಕಡೆ ಬೀಳಬಾರದು, ಮಳೆಯ ಮೊದಲ ಹನಿಗಳು ಬಿದ್ದ ಹಾಗೆ ಬೀಳಬೇಕು. ಆ ದಿನಕ್ಕಾಗಿ ನಾನು ಗಾಂವಠಾಣದ, ಅಂದರೆ ಮೊದಲಿನ ಹಳ್ಳಿಯ, ಎಮ್ಮೆ ತಬೇಲೆಯಿಂದ ಸಗಣಿ ಬೇಡಿ ತಂದಿದ್ದೆ.

ಇನ್ನೂ ಕತ್ತಲಿರುವಾಗ ಎದ್ದು ನಮ್ಮ ಖೋಲಿಯ ಮುಂದೆ ಥಳಿ ಹೊಡೆದು ರಂಗೋಲಿ ಎಳೆದೆ. ಬಕೆಟ್ಟಿನಲ್ಲಿ ಇನ್ನೂ ಉಳಿದಿತ್ತು. ಗೇಟಿನ ಕಡೆ ನೋಡಿದೆ. ಇಡೀ ದಾರಿ ಒಣಗಿ ಬಿದ್ದಿತ್ತು, ಹಿಂದಿನ ದಿನ ಜನ ತುಳಿದ ಧೂಳು ಬೇರೆ. ಇವರಿಗೆ ಶಾಲು ಹೊದಿಸುವ ದಿನ, ದೊಡ್ಡವರು ನಡೆದು ಬರುವ ದಾರಿ, ಹೀಗೆ ಭಣಭಣ ಬಿಡುವುದು ಹೇಗೆ ಅನಿಸಿತು. ನನಗೆ ಬೇರೆ ಯಾವ ಯೋಚನೆಯೂ ಬರಲಿಲ್ಲ. ಬಕೆಟ್ಟು ಎತ್ತಿಕೊಂಡು ಗೇಟಿನಿಂದ ಶುರು ಮಾಡಿದೆ. ಮಣ್ಣಿನ ಮೇಲಾದರೆ ಹನಿ ಬಿದ್ದಲ್ಲಿ ಕಪ್ಪಾಗಿ, ಎಲ್ಲಿ ಬಿತ್ತು ಎಲ್ಲಿ ಬೀಳಲಿಲ್ಲ ಎಂದು ತಿಳಿಯುತ್ತದೆ. ಆ ಮಬ್ಬಿನಲ್ಲಿ ಹಸಿರಿನ ಮೇಲೆ ಏನೂ ಕಾಣಲಿಲ್ಲ. ಬಿದ್ದಿಲ್ಲವೇನೋ ಎಂದು ಇನ್ನೊಂದು ಸಲ ಹೊಡೆದೆ, ಈ ಸಲ ತಳದ ಗಟ್ಟಿ ಸಗಣಿಯನ್ನೂ ಕಲಸಿಕೊಂಡು. ವೇದಿಕೆಯ ತನಕ ಒಂದು ಗೇಣೂ ಬಿಡದೆ ಹೊಡೆದು, ಬಂದು ಕೂಸಿಗೆ ಹಾಲು ಕೊಡುತ್ತ ಕೂತೆ. ಬಹಳ ದೊಡ್ಡ ಕೆಲಸ ಮಾಡಿದವಳಂತೆ ಸಮಾಧಾನವಾಗಿತ್ತು.

ಬೆಳಕು ಹರಿಯಿತು. ಮಣ್ಣು ಸಗಣಿ ನೀರನ್ನು ಕುಡಿಯುತ್ತದೆ, ಹುಲ್ಲೂ ಕುಡಿಯುತ್ತದೆ. ಅದು ಕುಡಿಯಲಿಲ್ಲ. ಪ್ರತಿ ಎಸಳಿನ ತುದಿಯಲ್ಲೂ ಒಂದೊಂದು ಕಂದು ಹನಿ ಹಾಗೆಯೇ ನಿಂತಿತ್ತು. ಗಟ್ಟಿ ಬಿದ್ದಲ್ಲಿ ಹೆಂಟೆ ಹೆಂಟೆಯಾಗಿ ಕೂತಿತ್ತು.

ಕೆಂಚಿಗೆ ವಾಸನೆ ಹೋಯಿತು. ಹಿಂದಿನ ದಿನ ಕಾಲಿಡಲು ಒಲ್ಲದವಳು ಈಗ ಮೂಗು ನೆಲಕ್ಕೆ ಹಚ್ಚಿ ಬಂದಳು. ಗೇಟಿನ ಹತ್ತಿರ ಒಂದು ಭುಜ ಊರಿದಳು, ಕತ್ತು ಊರಿದಳು, ಆಮೇಲೆ ಪೂರಾ ಬೆನ್ನ ಮೇಲೆ ಬಿದ್ದು ಕಾಲು ಮೇಲೆತ್ತಿ ಹೊರಳಿದಳು. ಎದ್ದು ನಾಲ್ಕು ಹೆಜ್ಜೆ ಇಟ್ಟು ಮತ್ತೆ ಹೊರಳಿದಳು. ಹೀಗೆ ವೇದಿಕೆಯ ತನಕ. ಅವಳ ಸಂಭ್ರಮ ನೋಡಿ ರಸ್ತೆಯ ಬೇರೆ ನಾಯಿಗಳೂ ನುಗ್ಗಿದವು. ಬಿಸಿಲು ಬಿದ್ದಂತೆ ಆ ವಾಸನೆ ಎದ್ದಿತು. ನಾನು ಹೇಳಿದೆನಲ್ಲ, ಬಚ್ಚಲಿನಲ್ಲಿ ಬಂದದ್ದು, ಅದೇ.

ಗದ್ದಲ ಕೇಳಿ ಬಾಗಿಲಿಗೆ ಬಂದೆ. ಸೆಕ್ರೆಟರಿ ಸಾಹೇಬರು ಹೊಸ ಸಫಾರಿ ಸೂಟಿನಲ್ಲಿ ನಿಂತು ಕೂಗುತ್ತಿದ್ದರು: "ಕುತ್ರ್ಯಾಂನೀ ಸಗಳೀ ಘಾಣ ಕೇಲೀ! ಪಕಡಾ ತಿಲಾ!" ನಾಯಿಗಳು ಹೊಲಸು ಮಾಡಿದವು, ಅವಳನ್ನು ಹಿಡಿಯಿರಿ ಎಂದು. ಬೇರೆ ನಾಯಿಗಳೆಲ್ಲ ಓಡಿಹೋಗಿದ್ದವು. ಕೆಂಚಿಗೆ ಓಡಬೇಕೆಂದು ಗೊತ್ತಿರಲಿಲ್ಲ, ಅದು ಅವಳ ಮನೆ. ಖಾಡಿಯ ಆಚೆ ಬಿಟ್ಟು ಬಾ ಎಂದು ವಾಚ್‌ಮನ್‌ನ ಕೈಗೆ ಗೋಣಿಚೀಲ ಕೊಟ್ಟರು.

ಮುತ್ಯಾ ಬಿಳಿ ಅಂಗಿಯಲ್ಲಿ ಪಕ್ಕಕ್ಕೆ ನಿಂತಿದ್ದರು. ನನ್ನ ಕಡೆ ನೋಡಿದರು. ಮೊಳಕೈ ತನಕ ಸಗಣಿ ಒಣಗಿದ್ದ ನನ್ನ ಬಲಗೈ ನೋಡಿದರು. ಒಳಗೆ ಹೋಗು ಎಂದು ಕಣ್ಣಿನಲ್ಲೇ ಹೇಳಿದರು. ನಾನು ಒಳಗೆ ಹೋದೆ. ಚಿಲಕವನ್ನೂ ಹಾಕಿಕೊಂಡೆ. ಕಿಟಕಿಯ ಸಂದಿಯಿಂದ ನೋಡುತ್ತ ನಿಂತೆ.

ವಾಚ್‌ಮನ್ ಚೀಲವನ್ನು ನೆಲದ ಮೇಲೆ ಹಾಸಿ, ಬಾಯಿ ಅಗಲ ಮಾಡಿ, "ಆ, ಆ" ಎಂದು ಕರೆದ. ಕೆಂಚಿ ಬಂದಳು. ಚೀಲ ಮೂಸಿದಳು. ಅದರಲ್ಲಿ ಲಾನಿನ ಬೇರು ತಂದಿದ್ದೆವು, ಇನ್ನೂ ಒಣಹುಲ್ಲಿನ ಎಳೆಗಳಿದ್ದವೋ ಏನೋ. ಅವಳು ಚೀಲದ ಮೇಲೆ ಹತ್ತಿ, ಗಿರಗಿರನೆ ತನ್ನ ಸುತ್ತ ತಾನೇ ತಿರುಗಿ, ಮೂಗನ್ನು ಬಾಲದೊಳಗಿಟ್ಟು ಮಲಗಿಬಿಟ್ಟಳು. ಹಾಸಿಗೆ ಹಾಕಿಕೊಟ್ಟರು ಎಂದುಕೊಂಡಳು. ಜನ ಹೋ ಎಂದು ನಕ್ಕರು. ವಾಚ್‌ಮನ್ ಹಗ್ಗ ತೆಗೆದ.

ನನಗೆ ತಡೆಯಲಾಗಲಿಲ್ಲ. ಕೂಸನ್ನು ಜೋಲಿಯಲ್ಲಿ ಹಾಕಿ, ಚಿಲಕ ತೆಗೆದು, ಬಕೆಟ್ಟು ಹಿಡಿದು ಹೊರಗೆ ಬಂದೆ. ಅಷ್ಟು ಗಂಡಸರ ನಡುವೆ ಅದುವರೆಗೂ ನಾನು ನಡೆದವಳಲ್ಲ. ಸೆಕ್ರೆಟರಿ ಸಾಹೇಬರ ಎದುರು ಬಕೆಟ್ಟು ಇಟ್ಟೆ. ಹೇಳಬೇಕೆಂದರೆ ಮಾತೇ ಇಲ್ಲ. ಸಗಣಿಗೆ ಮರಾಠಿಯಲ್ಲಿ ಏನೆನ್ನುತ್ತಾರೆ, ಥಳಿಗೆ ಏನೆನ್ನುತ್ತಾರೆ, ಒಂದೂ ನೆನಪಾಗಲಿಲ್ಲ. "ನಾಯಿ ನಹೀಂ ಸಾಹೇಬ. ಮೀ," ಎಂದೆ. ಅವರಿಗೆ ತಿಳಿಯಲಿಲ್ಲ. ಆಗ ಖಾಲಿ ಬಕೆಟ್ಟಿನಲ್ಲಿ ಕೈಯಾಡಿಸಿ, ಮಣಿಕಟ್ಟು ತಿರುಗಿಸಿ, ಗಾಳಿಯಲ್ಲಿ ಚಿಮ್ಮಿ ತೋರಿಸಿದೆ. ಹೀಗೆ ಎಂದು. ಇನ್ನೊಂದು ಸಲ ತೋರಿಸಿದೆ. ಹೀಗೆ.

ಆಮೇಲೆ ಎದ್ದ ನಗೆ ಇವತ್ತಿಗೂ ನನ್ನ ಕಿವಿಯಲ್ಲಿದೆ. ಮೇಲಿನ ಬಾಲ್ಕನಿಗಳಿಂದಲೂ ನಕ್ಕರು. ಮಕ್ಕಳು ಅಲ್ಲಿಯೇ ಕೈ ತಿರುಗಿಸಿ ತಿರುಗಿಸಿ ತೋರಿಸತೊಡಗಿದವು. ಸೆಕ್ರೆಟರಿ ಸಾಹೇಬರು ನಗಲಿಲ್ಲ. "ಶೇಣ? ದುಬೈಚ್ಯಾ ಗವತಾವರ್ ಶೇಣ?" ಎಂದರು. ಶೇಣ ಅಂದರೆ ಸಗಣಿ. ಅವರ ದನಿ ಅಳುವವರ ದನಿಯಂತಿತ್ತು.

ಆಗ ತಳಮಹಡಿಯ ಬಾಗಿಲಿನಿಂದ ಅವರ ತಾಯಿ, ಕಚ್ಚೆ ಸೀರೆಯ ಮುದುಕಿ, ಗಟ್ಟಿಯಾಗಿ ಅಂದರು: "ಅರೇ, ಸಡಾ ಟಾಕಲಾ ರೇ ತಿನಂ! ಗಾವಾಲಾ ಮೀ ಪಣ ರೋಜ್ ಟಾಕಾಯಚೇ." ಅವಳು ಥಳಿ ಹೊಡೆದಿದ್ದಾಳಪ್ಪಾ, ಊರಲ್ಲಿ ನಾನೂ ದಿನಾ ಹೊಡೆಯುತ್ತಿದ್ದೆ, ಎಂದು.

"ಆಯೀ, ತೂ ಆತ್ ಜಾ," ಎಂದರು ಸೆಕ್ರೆಟರಿ ಸಾಹೇಬರು. ಆ ಮುದುಕಿ ನನ್ನ ಮುಖ ನೋಡಿ, ಮಗನ ಮುಖ ನೋಡಿ, ಒಳಗೆ ಹೋದರು. ನಾನೂ ಒಳಗೆ ಬಂದೆ. ಯಾರೂ ನನ್ನನ್ನು ಹೋಗು ಎಂದಿರಲಿಲ್ಲ.

ವಾಚ್‌ಮನ್ ಚೀಲ ಎಳೆದುಕೊಂಡ. ಕೆಂಚಿ ಎದ್ದು ಮೈ ಝಾಡಿಸಿ ಹೋದಳು. ದೊಡ್ಡ ಸಾಹೇಬರನ್ನು ಹಿಂದಿನ ಗೇಟಿನಿಂದ ಕರೆತಂದು, ಗಾಡಿ ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿ ಕೆಲಸ ಮುಗಿಸಿದರು. ಅವರು ಲಾನಿನ ಕಡೆ ಬರಲೂ ಇಲ್ಲ. ಶಾಲಿನ ಮಾತು ಯಾರೂ ತೆಗೆಯಲಿಲ್ಲ. ಅದಾದ ಸ್ವಲ್ಪ ದಿನಕ್ಕೆ ತೋಟದ ಕೆಲಸ ಒಂದು ಏಜೆನ್ಸಿಗೆ ಕೊಡುತ್ತೇವೆ, ಖೋಲಿ ಖಾಲಿ ಮಾಡಿ ಎಂದು ಹೇಳಿಕಳಿಸಿದರು.

ಆ ಹಾಸನ್ನು ತೊಳೆದುಕೊಡುವ ಕೆಲಸ ನನಗೇ ಬಂತು. ಪಂಪಿನ ಕಟ್ಟೆಯ ಮೇಲೆ ಸ್ವಲ್ಪ ಸ್ವಲ್ಪವೇ ಬಿಚ್ಚಿ ಬ್ರಶ್ಶಿನಿಂದ ತಿಕ್ಕಿದೆ. ಬುಡದಲ್ಲಿ ಕೂತದ್ದು ಬಿಡುತ್ತಿರಲಿಲ್ಲ. ಮುತ್ಯಾ ಬಂದು ಪೈಪು ಹಿಡಿದು ನಿಂತರು. ಬಹಳ ಹೊತ್ತು ನೀರು ಬಿಟ್ಟರು. ಆಮೇಲೆ ಹೇಳಿದರು.

"ನಾ ಕಣ್ಣು ಮಾಡಿದ್ನೆಲ್ಲ, ಗೌರಿ. ಯಾಕ ಹೊರಗ ಬಂದಿ?"

"ಅಕಿನ್ನ ಕಟ್ಟತಿದ್ರು ರೀ."

"ಕಟ್ಟಲಿ. ಖಾಡಿ ದಾಟಿ ಬಿಟ್ಟರ ಮತ್ತೊಂದ ಕಡಿ ಬದಕತಿತ್ತು. ನಾಯಿಗೇನು ಮರ್ಯಾದಿ ಹೋಗ್ತಿತ್ತ? ನಮ್ಮ ಖೋಲಿ ಉಳೀತಿತ್ತು."

ಸಿಟ್ಟಿನಿಂದ ಕೇಳಿದ್ದಲ್ಲ. ಲೆಕ್ಕ ತಿಳಿಯದವರು ಕೇಳುವ ಹಾಗೆ ಕೇಳಿದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ತಲೆ ಎತ್ತದೆ ತಿಕ್ಕಿದೆ. ನೀರು ಹರಿದು ಹೋದಲ್ಲೆಲ್ಲ, ಪಂಪಿನ ಪಕ್ಕದ ಕರಕಿ ಆಮೇಲೆ ದಟ್ಟವಾಗಿ ಚಿಗುರಿತು. ಅದನ್ನು ನೋಡಿಯೇ ನಾವು ಅಲ್ಲಿಂದ ಹೊರಟದ್ದು.

ಕಲ್ಯಾಣಕ್ಕೆ ಬಂದು ಒಂದು ಚಾಳಿನಲ್ಲಿ ಸೇರಿಕೊಂಡೆವು. ಮುತ್ಯಾ ಮಾರ್ಕೆಟ್ಟಿನಲ್ಲಿ ಚೀಲ ಹೊತ್ತರು. ಮತ್ತೆ ಎಂದೂ ಮಾಳಿ ಕೆಲಸ ಹಿಡಿಯಲಿಲ್ಲ, ಯಾರ ಹುಲ್ಲಿಗೂ ನೀರು ಬಿಡಲಿಲ್ಲ. ಬೇಲಾಪುರ ಯಾಕೆ ಬಿಟ್ಟಿರಿ ಎಂದು ಊರವರು ಕೇಳಿದರೆ, "ಅಲ್ಲಿ ಗಾಳಿ ಕೂಸಿಗೆ ಒಗ್ಗಲಿಲ್ಲ" ಎನ್ನುತ್ತಿದ್ದೆ. ನಿಮ್ಮಪ್ಪ ಇವತ್ತಿಗೂ ತನಗೆ ಚಿಕ್ಕಂದಿನಲ್ಲಿ ಎದೆ ಕಫ ಇತ್ತೆಂದೇ ತಿಳಿದಿದ್ದಾನೆ. ಇರಲಿಲ್ಲ.

ಕೆಲವು ವರ್ಷಗಳ ಮೇಲೆ ಟಿಟ್ವಾಳಾದ ಗಣಪತಿಗೆ ಹೋದಾಗ, ಹೂ ಮಾರುವವಳ ಬುಟ್ಟಿಯ ಮುಂದೆ ಸುನಂದಕ್ಕ ಸಿಕ್ಕರು. ಇಬ್ಬರ ಕೈಯಲ್ಲೂ ಕರಕಿಯ ಕಟ್ಟು.

"ಅಯ್ಯೋ ಗೌರಮ್ಮ! ನಿನ್ನ ಕೆಂಚಿ ಇದ್ದಾಳೆ ಮಾರಾಯ್ತಿ. ಮುದುಕಿ ಆಗಿದ್ದಾಳೆ. ಲಾನ್ ಎಲ್ಲ ಒಣಗಿ ಹೋಯ್ತು, ಟೈಲ್ಸ್ ಹಾಕಿದ್ರು. ಆ ದುಬೈ ಹುಲ್ಲನ್ನು ಇಲಿ ಕಡಿದ ಮೇಲೆ ಎಸೆದ್ರು. ಆದ್ರೆ ಅವಳು ದಿನಾ ಬೆಳಿಗ್ಗೆ ಪಂಪ್ ರೂಮಿನ ಹಿಂದಿನ ಗರಿಕೆಗೇ ಹೋಗ್ತಾಳೆ, ನೀನು ಕಲಿಸಿದಲ್ಲಿಗೆ. ಹೋಗಿ, ಒಂದು ಗಳಿಗೆ ನಿಂತು, ಹಿಂದೆ ತಿರುಗಿ ನೋಡ್ತಾಳೆ."

ಮನೆಗೆ ಬಂದು ಮುತ್ಯಾನಿಗೆ ಹೇಳಿದೆ. "ಹೂಂ," ಎಂದರು. ಅಷ್ಟೇ. ಆ ಬೆಳಗಿನ ಮಾತು ನಮ್ಮ ನಡುವೆ ಮತ್ತೆ ಬರಲಿಲ್ಲ. ಅಷ್ಟು ಜನರ ಮುಂದೆ ಅವರ ಹೆಂಡತಿ ಬಕೆಟ್ಟು ಹಿಡಿದು ಕೈ ತಿರುಗಿಸಿದ್ದಳು. ಅವರಿಗೆ ನನ್ನಿಂದ ತಲೆ ತಗ್ಗಿಸುವಂತಾಯಿತು ಎಂದೇ ನಾನು ತಿಳಿದುಕೊಂಡಿದ್ದೆ. ಕೇಳುವ ಧೈರ್ಯ ಬರಲಿಲ್ಲ. ನಾನೂ ಮತ್ತೆ ಥಳಿ ಹೊಡೆಯಲಿಲ್ಲ. ಚಾಳಿನಲ್ಲಿ ಅಂಗಳವಿರಲಿಲ್ಲ ಎಂಬುದು ನೆಪ.

ಮುತ್ಯಾನ ಕೊನೆಯ ದಿನಗಳು ನಿಮಗೆ ನೆನಪಿರಬಹುದು. ಲಕ್ವಾ ಹೊಡೆದು ಒಂದು ಮಗ್ಗಲು ಹೋಗಿತ್ತು, ಮಾತು ನಿಂತಿತ್ತು. ಬಲಗೈ ಮಾತ್ರ ಆಡುತ್ತಿತ್ತು. ಒಂದು ಮಧ್ಯಾಹ್ನ ಕೆಳಗೆ ರಸ್ತೆಯಲ್ಲಿ ನಾಯಿಗಳು ಜಗಳಾಡಿದವು. ನಾನು ಅವರಿಗೆ ಗಂಜಿ ಕುಡಿಸುತ್ತಿದ್ದೆ. ಅವರು ಕಿಟಕಿಯ ಕಡೆ ಕಿವಿಕೊಟ್ಟು ಕೇಳಿ, ನನ್ನ ಕಡೆ ನೋಡಿ, ಬಲಗೈ ಎತ್ತಿ, ಮಣಿಕಟ್ಟು ತಿರುಗಿಸಿ, ಗಾಳಿಯಲ್ಲಿ ಚಿಮ್ಮಿದರು. ಇನ್ನೊಂದು ಸಲ ಚಿಮ್ಮಿದರು. ಬಾಯಿಯ ಒಂದು ಮೂಲೆ ಮೇಲೆದ್ದಿತು, ಕಣ್ಣಲ್ಲಿ ನೀರು ಬರುವಷ್ಟು ನಗೆ. ಓಂಕಾರ, ನೀನು ಮುತ್ಯಾ ನೊಣ ಓಡಿಸುತ್ತಿದ್ದಾರೆ ಎಂದುಕೊಂಡು ಪೇಪರಿನಿಂದ ಗಾಳಿ ಬೀಸಿದೆ. ಆಮೇಲೆ ದಿನಾ ಅವರು ಹಾಗೆ ಮಾಡುವುದು, ನೀನು ಗಾಳಿ ಬೀಸುವುದು.

ಆ ಬೆಳಿಗ್ಗೆ ಅವರು ತಲೆ ತಗ್ಗಿಸಿ ನಿಂತಿರಲಿಲ್ಲ. ನನ್ನ ಕೈಯನ್ನೇ ನೋಡುತ್ತ ನಿಂತಿದ್ದರು, ಎಷ್ಟು ಸಲ ಚಿಮ್ಮಿದೆ ಎಂಬುದೂ ನೆನಪಿರುವ ಹಾಗೆ. ಅದು ತಿಳಿದ ಮೇಲೂ ನನಗೆ ನಾಚಿಕೆ ಹೋಗಲಿಲ್ಲ. ಇನ್ನೂ ಹೆಚ್ಚಾಯಿತು. ಮದುವೆಯಾಗಿ ಮೊಮ್ಮಕ್ಕಳನ್ನು ಕಂಡವಳು, ಸ್ವಂತ ಗಂಡನ ಎದುರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗಂಜಿಯ ಬಟ್ಟಲು ಹಿಡಿದು ಕೂತಿದ್ದೆ.

ಚಾಪೆ ತೊಳೆದು ಒಣಗಲು ಹಾಕಿದ್ದೇನೆ. ಮರಿಗೆ ಅದು ಒಗ್ಗುವುದಿಲ್ಲ, ಬೈಯಬೇಡಿ. ನಮ್ಮ ಸೊಸಾಯಿಟಿಯ ನೀರಿನ ಟಾಕಿಯ ಹಿಂದೆ, ಗೋಡೆಯ ಬುಡದಲ್ಲಿ, ಸ್ವಲ್ಪ ಕರಕಿ ಇದೆ. ನಾಳೆಯಿಂದ ನಸುಕಿನಲ್ಲಿ, ಜನ ಏಳುವ ಮುಂಚೆ, ನಾನೇ ಅದನ್ನು ಕರೆದೊಯ್ಯುತ್ತೇನೆ. ಯಾರಾದರೂ ಕೇಳಿದರೆ ಏನು ಹೇಳಬೇಕೋ ಗೊತ್ತಿಲ್ಲ.

ಒಂದು ಮಾತು. ನಿಮ್ಮಪ್ಪ ಇದನ್ನು ಓದಿ ಹೇಳಿದ ಮೇಲೆ ಇಬ್ಬರೂ ನನ್ನ ಮುಂದೆ ಬಂದು ಹಾಗೆ ಕೈ ತಿರುಗಿಸಿ ತೋರಿಸಬೇಡಿ. ಅವರೊಬ್ಬರು ತೋರಿಸಿದ್ದು ಸಾಕು.